ಬೆನ್ನು ಕತ್ತರಿಸಿದ ಬಿಳಿ ಅಂಗಿ

ಕಸದ ತೊಟ್ಟಿಗೆ ಕೈ ಹಾಕುವುದಕ್ಕೆ ನಾಚಿಕೆಗಿಂತ ದೊಡ್ಡ ಅಡ್ಡಿ ಸೊಂಟನೋವು. ನಾಚಿಕೆ ಸ್ವಲ್ಪ ದಿನಕ್ಕೆ ಒಗ್ಗಿಹೋಗುತ್ತದೆ, ಸೊಂಟ ಒಗ್ಗುವುದಿಲ್ಲ. ಮಂಡ್ಯದ ಆ ದೊಡ್ಡ ಅಂಗಡಿಯ ಹಿಂದಿನ ಓಣಿಯಲ್ಲಿದ್ದ ತೊಟ್ಟಿಗಳು ನನ್ನ ಎದೆಮಟ್ಟಕ್ಕಿದ್ದವು. ಮುಚ್ಚಳ ಎತ್ತಿ ಗೋಡೆಗೆ ಒರಗಿಸಿ, ಒಂದು ಕೈಯಲ್ಲಿ ಅಂಚು ಹಿಡಿದು, ಬಗ್ಗಿ, ಇನ್ನೊಂದು ಕೈಯಲ್ಲಿ ಚೀಲ ಎಳೆಯಬೇಕು. ವರ್ಷಗಟ್ಟಲೆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಮಿಷನ್ನಿನ ಮುಂದೆ ಬಗ್ಗಿ ಬಗ್ಗಿ ಮುಗಿದುಹೋದ ಸೊಂಟ ಇನ್ನೆಷ್ಟು ಬಗ್ಗೀತು? ಊರಿನವರು ತಿಂಡಿ ತಿನ್ನುವ ಹೊತ್ತಿಗೆ ನನಗೆ ದಿನವೇ ಮುಗಿದಷ್ಟು ಸುಸ್ತಾಗಿರುತ್ತಿತ್ತು.

ಅದನ್ನು ಕಸ ಅಂದರೆ ಮಾತ್ರ ನನಗೆ ಈಗಲೂ ಮೈ ಉರಿಯುತ್ತದೆ. ಬಲೆಚೀಲದಲ್ಲಿ ಒಂದು ಟೊಮೆಟೊ ಕೊಳೆತರೆ ಚೀಲಕ್ಕೆ ಚೀಲವೇ ತೊಟ್ಟಿಗೆ. ಸೋಪಿನ ಕಾಗದ ಹರಿದಿದ್ದರೆ ಸೋಪು ತೊಟ್ಟಿಗೆ. ಬೇಳೆಯ ಪೊಟ್ಟಣಕ್ಕೆ ಇಲಿ ಹಲ್ಲು ತಾಗುವುದು ಹಾಗಿರಲಿ, ಮೂಲೆ ಚೂರು ಬಿರಿದರೂ ತೊಟ್ಟಿಗೆ. ನಿನ್ನೆಯವರೆಗೆ ತಿನ್ನಬಹುದಾಗಿದ್ದ ರಸ್ಕು ಇವತ್ತು ಬೆಳಗಾಗುವಷ್ಟರಲ್ಲಿ ಹೇಗೆ ಕಸವಾಯಿತು ಅಂತ ನಾನು ಯಾರನ್ನು ಕೇಳಲಿ? ಆಲೂಗೆಡ್ಡೆ ಸ್ವಲ್ಪ ಮೊಳಕೆ ಒಡೆದರೆ ನಮ್ಮಮ್ಮ ಮೊಳಕೆ ಕಿತ್ತು ಸಾರಿಗೆ ಹಾಕುತ್ತಿದ್ದಳು. ಅಂಗಡಿಯವರು ಎಸೆದರು ಅಂದ ಮಾತ್ರಕ್ಕೆ ಪದಾರ್ಥ ಕೆಟ್ಟುಹೋಗುತ್ತದೆಯೇ? ಯಾರೂ ಬಾಯಿ ಹಾಕಿರಲಿಲ್ಲ, ಎಂಜಲಾಗಿರಲಿಲ್ಲ. ನಾನು ಎತ್ತಿಕೊಂಡೆ, ಅಷ್ಟೆ.

ಆದರೆ ಈ ವಾದವನ್ನೆಲ್ಲ ನಾನು ನನ್ನ ಅತ್ತೆಯ ಮುಂದೆ ಮಾಡುವಂತಿರಲಿಲ್ಲ.

ನಮ್ಮ ಮನೆಯವರು ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವ ಕೆಲಸಕ್ಕಿದ್ದರು. ಕೊಪ್ಪರಿಗೆಯ ಮುಂದೆ ನಿಂತು ನಿಂತು ಎದೆ ಕೆಟ್ಟಿತು, ಒಂದು ಚಳಿಗಾಲ ಮಲಗಿದವರು ಏಳಲಿಲ್ಲ. ಅವರು ಹೋದ ಮೇಲೆ ಮದ್ದೂರಿನ ಬಾಡಿಗೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಅತ್ತೆ. ನಮಗೆ ಮಕ್ಕಳಿಲ್ಲ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದು, ಒಂದರ ಆಪರೇಷನ್ನು ಸರಿಹೋಗದೆ, ಬೆಳಕು ಯಾವುದು ನೆರಳು ಯಾವುದು ಅನ್ನುವಷ್ಟು ಮಾತ್ರ ಕಾಣುತ್ತಿತ್ತು. ನಾಲಿಗೆಗೆ ಮಾತ್ರ ಯಾವ ಪೊರೆಯೂ ಬಂದಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿ, ಮುದ್ದೆ ಗಂಟು, ನೆಲ ಒರೆಸಿದ್ದು ಸಾಲದು. ತಪ್ಪೆಲ್ಲ ಯಾವಾಗಲೂ ನನ್ನದು. ಆ ಹೆಂಗಸು ತನ್ನ ಜನ್ಮದಲ್ಲಿ ಒಂದು ತಪ್ಪನ್ನೂ ಒಪ್ಪಿಕೊಂಡದ್ದು ನಾನು ಕಂಡಿರಲಿಲ್ಲ. ಕಾಲು ತಾಗಿ ಚೊಂಬು ಉರುಳಿದರೂ ಚೊಂಬನ್ನು ಅಲ್ಲಿಟ್ಟವಳು ನಾನೇ ಆಗಿರುತ್ತಿದ್ದೆ.

ತಿಥಿಯ ದಿನ ನನ್ನ ಮೈದುನ ಒಂದು ಮಾತು ಹೇಳಿದ. ಅವನು ಮಳವಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವವನು, ಕೆಟ್ಟವನೇನಲ್ಲ.

“ಅತ್ಗೆ, ನಿಮ್ಗೆ ಕಷ್ಟ ಆಯ್ತದೆ ಅಂದ್ರೆ ಈಗ್ಲೇ ಯೋಳ್ಬುಡಿ. ಅವ್ವನ್ನ ನಾನ್ ಕರ್ಕೊಂಡ್ ಓಯ್ತೀನಿ.”

“ನನ್ ಮನೇಲಿ ಏನಪ್ಪ ಕಮ್ಮಿ ಆಗದೆ?” ಅಂದುಬಿಟ್ಟೆ.

ಅದು ಬಿಂಕದ ಮಾತು. ಆದರೆ ಬರೀ ಬಿಂಕವಲ್ಲ. ಅತ್ತೆ ಹೊರಟುಹೋದರೆ ಆ ಮನೆಯಲ್ಲಿ ನಾನು ಯಾರಿಗೆ ಅಡುಗೆ ಮಾಡಲಿ, ಯಾರಿಂದ ಬೈಸಿಕೊಳ್ಳಲಿ? ಅವರ ಬೈಗುಳ ಕೇಳಿ ಸಾಕಾಗಿತ್ತು ನಿಜ. ಅದು ಇಲ್ಲದ ಮನೆಯನ್ನು ನೆನೆಸಿಕೊಂಡರೆ ಮಾತ್ರ ಹೆದರಿಕೆಯಾಗುತ್ತಿತ್ತು. ಮನೆಯಲ್ಲಿ ಏನೋ ಕಮ್ಮಿಯಾಗಿದೆ ಅಂತ ಮೈದುನನಿಗೆ ಗೊತ್ತಾದ ದಿನ ಅತ್ತೆಯ ಟ್ರಂಕು ಮಳವಳ್ಳಿ ಬಸ್ಸು ಹತ್ತುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಗೊತ್ತಾಗದ ಹಾಗೆ ನೋಡಿಕೊಳ್ಳುವುದೇ ನನ್ನ ಕೆಲಸವಾಯಿತು.

ಫ್ಯಾಕ್ಟರಿ ಬಿಟ್ಟಿದ್ದೆ, ಮನೆಯಲ್ಲೇ ಸೀರೆಗೆ ಫಾಲ್ಸ್ ಹಾಕಿ, ರವಿಕೆ ಹೊಲಿದು ನಡೆಸುತ್ತಿದ್ದೆ. ಅದರಲ್ಲಿ ಬಾಡಿಗೆ ಹೋಗುತ್ತಿತ್ತು, ಅತ್ತೆಯ ಮಾತ್ರೆ ಬರುತ್ತಿತ್ತು. ಹೊಟ್ಟೆಗೆ ಇನ್ನೊಂದು ದಾರಿ ಬೇಕಾಗಿತ್ತು. ಹೆಂಗಸರಿಗೆ ಬಸ್ಸು ಫ್ರೀ ಆದದ್ದು ಒಳ್ಳೆಯದಾಯಿತು. ಮದ್ದೂರಿನಲ್ಲೂ ಅಂಗಡಿಗಳಿದ್ದವು, ಅವುಗಳ ಹಿಂದೆಯೂ ತೊಟ್ಟಿಗಳಿದ್ದವು. ಆದರೆ ಮದ್ದೂರಿನಲ್ಲಿ ತೊಟ್ಟಿಗೆ ಕೈ ಹಾಕಿದರೆ ಸಂಜೆಯೊಳಗೆ ಸುದ್ದಿ ಮಳವಳ್ಳಿ ಮುಟ್ಟುತ್ತದೆ. ಮಂಡ್ಯದಲ್ಲಿ ನನ್ನನ್ನು ಯಾರು ಬಲ್ಲರು? ಬೆಳಗಿನ ಬಸ್ಸಿಗೆ ಹತ್ತಿ, ಆಧಾರ್ ಕಾರ್ಡು ತೋರಿಸಿ, ಸೊನ್ನೆ ಟಿಕೆಟ್ಟು ತೆಗೆದುಕೊಂಡು, ಸೀಟು ಸಿಕ್ಕಿದ ದಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದೆ. ಖಾಲಿ ಚೀಲವನ್ನು ಮಡಿಸಿ ರವಿಕೆ ಕಣಗಳ ಅಡಿಯಲ್ಲಿ ಬಚ್ಚಿಡುತ್ತಿದ್ದೆ. ಅತ್ತೆ ಕೇಳಿದರೆ ಹೊಲಿಗೆ ಕೊಟ್ಟುಬರುವುದಕ್ಕೆ ಹೋಗುತ್ತಿದ್ದೇನೆ ಅನ್ನುತ್ತಿದ್ದೆ.

ಆ ಅಂಗಡಿಯಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕಿದ್ದ ಹೆಂಗಸು ದುದ್ದದ ಕಡೆಯವಳು. ಬಾಗಿಲು ತೆಗೆಯುವುದಕ್ಕೆ ಮುಂಚೆ ಅವಳು ಕಪ್ಪು ಚೀಲಗಳನ್ನು ಹೊರಗೆ ತಂದು ತೊಟ್ಟಿಗೆ ಹಾಕುತ್ತಿದ್ದಳು. ಮೊದಮೊದಲು ನನ್ನನ್ನು ಕಂಡರೆ ಮುಖ ತಿರುಗಿಸಿ ಒಳಗೆ ಹೋಗಿಬಿಡುತ್ತಿದ್ದಳು. ಹಳಸಿದ ಬ್ರೆಡ್ಡಿನ ಮೇಲೆ, ಕೇಕಿನ ಮೇಲೆ ಪಿನಾಯಿಲ್ ಸುರಿದು ಎಸೆಯಬೇಕು ಅಂತ ಅವಳಿಗೆ ಮೇಲಿನವರ ಆರ್ಡರು. ನಾಯಿ, ದನ, ನನ್ನಂಥವರು, ಯಾರೂ ಮುಟ್ಟಬಾರದು ಅಂತ. ಒಂದು ದಿನ ನಾನು ಪಿನಾಯಿಲಿನಲ್ಲಿ ನೆಂದ ಒಂದು ಪೊಟ್ಟಣ ಎತ್ತಿ, ಮೂಸಿ, ಮತ್ತೆ ತೊಟ್ಟಿಗೆ ಹಾಕಿ, ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಅವತ್ತು ಬೇರೇನೂ ಸಿಕ್ಕಿರಲಿಲ್ಲ, ಎದ್ದು ನಿಲ್ಲುವುದಕ್ಕೆ ಮನಸ್ಸೂ ಇರಲಿಲ್ಲ. ಅವಳು ಬಾಗಿಲಲ್ಲಿ ನಿಂತು ನೋಡಿದಳು.

ಮಾರನೆಯ ದಿನದಿಂದ ಚೀಲಗಳ ಗಂಟು ಬದಲಾಯಿತು. ಹೊಲಸು ತುಂಬಿದ ಚೀಲಗಳಿಗೆ ಬಿಗಿ ಗಂಟು. ತಿನ್ನುವಂಥದ್ದು ಇದ್ದ ಚೀಲಕ್ಕೆ ಒಂದು ಎಳೆತಕ್ಕೆ ಬಿಚ್ಚುವಂಥ ಸಡಿಲ ಗಂಟು, ಅದೂ ಎಲ್ಲಕ್ಕಿಂತ ಮೇಲೆ. ನನ್ನ ಸೊಂಟಕ್ಕೆ ಅಷ್ಟರಮಟ್ಟಿನ ಪುಣ್ಯ. ಅವಳಿಗೆ ನಾನು ಒಂದು ರವಿಕೆ ಹೊಲಿದುಕೊಟ್ಟೆ. ಅಳತೆ ತೆಗೆಯುವಾಗ ಅವಳು ಹೇಳಿದ್ದು ಇಷ್ಟೇ.

“ಸಿಸಿಟೀವಿ ಮುಂದ್ಗಡೆ ಬಾಗ್ಲಿಗೆ ಮಾತ್ರ ಅದೆ ಅಕ್ಕ. ಇತ್ಲಾಗ್ ಇಲ್ಲ. ನೀನು ಗಾಬ್ರಿ ಬೀಳ್ಬ್ಯಾಡ.”

ಒಂದು ಸಲ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಮೈದುನ ಎದುರಿಗೇ ಬಂದ. ಗೊಬ್ಬರದ ಲೋಡಿನ ವಿಷಯಕ್ಕೆ ಬಂದಿದ್ದನಂತೆ. ನನ್ನ ಕೈಯಲ್ಲಿ ತುಂಬಿದ ಚೀಲ. ಅದನ್ನು ಹಿಡಿದುಕೊಳ್ಳುವುದಕ್ಕೆ ಅವನು ಕೈ ಚಾಚಿದ, ಮರ್ಯಾದಸ್ಥ. ನಾನು ಚೀಲವನ್ನು ಎದೆಗೆ ಅವುಚಿಕೊಂಡು, “ಬ್ಯಾಡ ಕಣಪ್ಪ, ಬೇರೆಯವ್ರ ಸೀರೆ ಅವೆ, ಮಡಿಕೆ ಕೆಡ್ತವೆ,” ಅಂದೆ. ಸೀರೆಗಳ ಒಳಗಿಂದ ಬಾಡಿದ ಕೊತ್ತಂಬರಿಯ ವಾಸನೆ ನನ್ನ ಮೂಗಿಗೇ ಬಡಿಯುತ್ತಿತ್ತು. ಅವನಿಗೂ ಬಡಿದಿರಬೇಕು. ಬಸ್ಸು ಹತ್ತಿ ಕೂತ ಮೇಲೂ ಚೀಲವನ್ನು ಮಡಿಲಿಂದ ಕೆಳಗಿಡಲಿಲ್ಲ.

ಹೀಗೆ ಮಳೆಗಾಲ ಕಳೆಯಿತು, ಗಣಪತಿ ಹಬ್ಬ ಮುಗಿಯಿತು, ಪಿತೃಪಕ್ಷ ಬಂತು. ಅಲ್ಲಿಯವರೆಗೆ ಪ್ರತಿವರ್ಷ ಮಾವನವರೊಬ್ಬರಿಗೇ ಎಡೆ ಇಡುತ್ತಿದ್ದೆವು. ಒಂದು ಪಂಚೆ, ಒಂದು ಟವೆಲ್ಲು ಕಳಶದ ಮುಂದೆ ಇಟ್ಟರೆ ಮುಗಿಯುತ್ತಿತ್ತು. ಎಡೆ ಆದ ಮೇಲೆ ಮೈದುನ ಅದನ್ನು ಕವರಿಗೆ ಹಾಕಿಕೊಂಡು ಮಳವಳ್ಳಿಗೆ ಒಯ್ಯುತ್ತಿದ್ದ. ಈ ಸಲ ನಮ್ಮ ಮನೆಯವರಿಗೆ ಮೊದಲ ಎಡೆ.

“ಅವ್ನು ಪಂಚೆ ಉಟ್ಟೋನಲ್ಲ,” ಅಂದರು ಅತ್ತೆ. “ಅವ್ನಿಗೊಂದು ಬಿಳೀ ಅಂಗಿ ತತ್ತಾ. ತುಂಬು ತೋಳಿಂದು. ಪಾಪ, ಒಂದಿನ ಬಿಳೀದು ತೊಡ್ಲಿಲ್ಲ ನನ್ ಮಗ.”

ಅದು ನಿಜ. ಆಲೆಮನೆಗೆ ಬಿಳಿ ಅಂಗಿ ತೊಟ್ಟು ಹೋಗುವವರು ಯಾರು? ಅವರ ಅಂಗಿಗಳೆಲ್ಲ ಪಾಕ ಸಿಡಿದು ಅಂಟಂಟು, ಕಿಡಿ ಬಿದ್ದು ತೂತು ತೂತು. ತೇಪೆ ಹಾಕಿ ಹಾಕಿ ಕೊನೆಗೆ ಅಂಗಿ ಯಾವುದು ತೇಪೆ ಯಾವುದು ಅಂತ ನನಗೇ ತಿಳಿಯುತ್ತಿರಲಿಲ್ಲ.

ಎಡೆಯ ಬಟ್ಟೆಯ ವಿಷಯದಲ್ಲಿ ಅತ್ತೆಯದು ಗಟ್ಟಿ ನಿಯಮ. ನಮ್ಮಲ್ಲಿ ಹೆಣಕ್ಕೆ ಹೊದಿಸುವ ಬಟ್ಟೆಯ ಅಂಚನ್ನು ಹರಿದು ಹೊದಿಸುತ್ತಾರೆ. ಅದಕ್ಕೇ ಹರಿದದ್ದು, ಕತ್ತರಿ ತಾಗಿದ್ದು ಎಡೆಗೆ ಬರಬಾರದು. ಸತ್ತವರು ಬದುಕಿದವರ ಹಾಗೆ ಊಟಕ್ಕೆ ಬಂದಿರುತ್ತಾರೆ, ಅವರಿಗೆ ಮತ್ತೆ ಹೆಣದ ಬಟ್ಟೆ ಕೊಡುತ್ತೀರಾ ಅಂತ ಅತ್ತೆ ಕೇಳುತ್ತಿದ್ದರು. ನಾನು ತಲೆಯಾಡಿಸಿದೆ. ಕೈಯಲ್ಲಿದ್ದದ್ದೆಲ್ಲ ಎಣ್ಣೆಗೆ, ಬೆಲ್ಲಕ್ಕೆ, ಅಕ್ಕಿಗೆ ಹೋಗಿತ್ತು. ಮಾಂಸವನ್ನೂ ಮಾವನವರ ಪಂಚೆಯನ್ನೂ ಮೈದುನ ತರುತ್ತೇನೆ ಅಂದಿದ್ದ. ಅಂಗಿಯನ್ನೂ ಅವನಿಗೇ ಹೇಳಿದ್ದರೆ ತರುತ್ತಿದ್ದ. ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಕಟ್ಟಿಕೊಂಡ ಗಂಡನಿಗೆ ಮೊದಲ ಎಡೆಗೆ ಒಂದು ಅಂಗಿ ತರಲಾರದವಳು ಅತ್ತೆಯನ್ನು ಹೇಗೆ ಸಾಕುತ್ತಾಳೆ ಅಂತ ಅವನು ಕೇಳದಿದ್ದರೂ ಆ ಪ್ರಶ್ನೆ ಅಲ್ಲಿ ಇದ್ದೇ ಇರುತ್ತಿತ್ತು.

ದುದ್ದದ ಕಡೆಯ ಹೆಂಗಸಿಗೆ ಸುಮ್ಮನೆ ಮಾತಿಗೆ ಹೇಳಿದ್ದೆ. ಆ ಅಂಗಡಿಯ ಮಹಡಿಯ ಮೇಲೆ ಬಟ್ಟೆಯೂ ಮಾರುತ್ತಾರೆ. ಕಾಲರಿಗೆ ಕಲೆಯಾದದ್ದು, ಗುಂಡಿ ಹೋದದ್ದು, ಯಾರೋ ವಾಪಸ್ಸು ತಂದದ್ದು, ಇವನ್ನೆಲ್ಲ ಕತ್ತರಿಯಿಂದ ಸೀಳಿ ಎಸೆಯುತ್ತಾರೆ. ಸೀಳುವ ಕೆಲಸವೂ ಅವಳದೇ. ಎಡೆ ಇಡುವ ಅಮಾವಾಸ್ಯೆಗೆ ಕೆಲವು ದಿನ ಇರುವಾಗ ಸಡಿಲ ಗಂಟಿನ ಚೀಲದಲ್ಲಿ ರಸ್ಕಿನ ಅಡಿಯಲ್ಲಿ ಒಂದು ಬಿಳಿ ಅಂಗಿ ಇತ್ತು. ತುಂಬು ತೋಳು. ಬೆನ್ನಿಗೆ ಅಡ್ಡಕ್ಕೆ ಕತ್ತರಿ ಬಿದ್ದಿತ್ತು.

ಅವಳು ಬಾಗಿಲಿಂದ ಇಣುಕಿ, “ಮೇನೇಜರು ಎದುರ್ಗೇ ನಿಂತಿದ್ದ ಅಕ್ಕ. ಕತ್ರಿಸ್ದೆ ಬುಡಂಗಿರ್ಲಿಲ್ಲ. ಆದಸ್ಟೂ ಹೊಲ್ಗೆ ಪಕ್ದಲ್ಲೇ ಕತ್ರಿಸಿವ್ನಿ,” ಅಂದಳು.

ಹೌದು. ಹೆಗಲಿನ ಪಟ್ಟಿ ಬೆನ್ನಿಗೆ ಕೂಡುವ ಹೊಲಿಗೆಯ ಪಕ್ಕದಲ್ಲೇ ಅವಳ ಕತ್ತರಿ ಓಡಿತ್ತು. ಎಡಗಡೆ ಮಾತ್ರ ಕೈ ಜಾರಿ ಗೇಣುದ್ದ ಕೆಳಗೆ ಇಳಿದಿತ್ತು. ಪರರ ವಸ್ತುವನ್ನು ಕೆಡಿಸುವ ಕೆಲಸದಲ್ಲೂ ಒಬ್ಬಳು ಇಷ್ಟು ಕರುಣೆ ಇಟ್ಟುಕೊಳ್ಳಬಹುದು ಅಂತ ನನಗೆ ಗೊತ್ತಿರಲಿಲ್ಲ. ಕಣ್ಣು ತುಂಬಿಬಂತು. ಅವಳಿಗೆ ಏನಾದರೂ ಹೇಳೋಣ ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮನೆಯಲ್ಲಿ ಅತ್ತೆ ಮಧ್ಯಾಹ್ನ ಮಲಗಿದಾಗ ಅಂಗಿ ಹಿಡಿದು ಕೂತೆ. ಪಟ್ಟಿಯ ಹೊಲಿಗೆ ಬಿಚ್ಚಿ, ಕತ್ತರಿಸಿದ ಅಂಚನ್ನು ಒಳಕ್ಕೆ ಸೇರಿಸಿ, ಮತ್ತೆ ಕೂಡಿಸಿದೆ. ಬೆನ್ನು ಬೆರಳಗಲ ಗಿಡ್ಡವಾಯಿತು, ಅದೇನೂ ಕಾಣುವುದಿಲ್ಲ. ಎಡಗಡೆಯ ಸೀಳೇ ನನ್ನ ಪ್ರಾಣ ತಿಂದದ್ದು. ಅಂಗಿಯ ಒಳಮಡಿಕೆಯಿಂದಲೇ ಎಳೆ ಬಿಡಿಸಿ, ಆ ಎಳೆಯಿಂದಲೇ ಸೂಜಿಯಲ್ಲಿ ನೇಯ್ದ ಹಾಗೆ ಹಿಂದಕ್ಕೆ ಮುಂದಕ್ಕೆ ಎಳೆದೆ. ಕಣ್ಣು ಮಂಜಾಗುತ್ತಿತ್ತು, ಕತ್ತು ಸೆಟೆದುಕೊಳ್ಳುತ್ತಿತ್ತು. ಫ್ಯಾಕ್ಟರಿಯಲ್ಲಿ ಇಂಥ ಅಂಗಿಗಳು ನನ್ನ ಕೈಯಿಂದ ರಾಶಿರಾಶಿ ದಾಟಿಹೋಗಿದ್ದವು. ಒಂದನ್ನೂ ನಾನು ಯಾರದು ಅಂತ ಯೋಚಿಸಿರಲಿಲ್ಲ. ಇದನ್ನು ಹೊಲಿಯುವಾಗ ಮಾತ್ರ ಒಳಗೆ ಅವರ ಬೆನ್ನು ಇದೆ ಅನ್ನಿಸುತ್ತಿತ್ತು. ಸಾಕು ಮಾರಾಯ್ತಿ ಮಲಕ್ಕೋ ಅಂತ ಅವರು ಹೇಳುತ್ತಿದ್ದ ದನಿ ನೆನಪಾಗಿ ಒಂದೆರಡು ಸಲ ಸೂಜಿ ಕೆಳಗಿಟ್ಟೆ.

ಕೊನೆಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ಕಾಲರಿನೊಳಗೆ ರಟ್ಟು ಇಟ್ಟು, ಗುಂಡುಪಿನ್ನು ಚುಚ್ಚಿ, ಬೆನ್ನು ಅಡಿಗೆ ಬರುವ ಹಾಗೆ ಮಡಿಸಿದೆ. ಅಂಗಡಿಯಿಂದ ಈಗ ತಾನೇ ಬಂದ ಹಾಗಿತ್ತು. ಎಡೆ ಆದ ಮೇಲೆ ಮೈದುನ ಪಂಚೆಯ ಹಾಗೆ ಇದನ್ನೂ ಕವರಿಗೆ ಹಾಕಿಕೊಂಡು ಹೋಗುತ್ತಾನೆ, ಯಾವಾಗಲೋ ಬಿಚ್ಚುತ್ತಾನೆ, ಅಷ್ಟು ಹೊತ್ತಿಗೆ ಯಾರಿಗೆ ನೆನಪಿರುತ್ತದೆ ಅಂತ ನನ್ನ ಲೆಕ್ಕ.

“ಕೊಡಿಲ್ಲಿ, ನೋಡಾನ,” ಅಂದರು ಅತ್ತೆ. ಮಡಿಲಲ್ಲಿ ಇಟ್ಟುಕೊಂಡು ಕಾಲರು ಸವರಿದರು, ಗುಂಡಿ ಸವರಿದರು. ಕೈ ಅಡಿಗೆ ಹೋಯಿತು. ಬೆರಳು ಅಲ್ಲಿ ಸ್ವಲ್ಪ ಹೊತ್ತು ಓಡಾಡಿ ಈಚೆಗೆ ಬಂತು.

“ಮೆತ್ತಗದೆ,” ಅಂದು ವಾಪಸ್ಸು ಕೊಟ್ಟರು. ಬದುಕಿದೆ ಅಂದುಕೊಂಡೆ.

ಅಮಾವಾಸ್ಯೆಯ ದಿನ ಮೈದುನ ಒಬ್ಬನೇ ಬಂದ. ಹೆಂಡತಿಗೆ ಜ್ವರವಂತೆ. ಗೋಡೆಯ ಹತ್ತಿರ ಕಳಶ, ಅಪ್ಪ ಮಗ ಇಬ್ಬರ ಫೋಟೋ, ಮುಂದೆ ಬಾಳೆ ಎಲೆ. ಮುದ್ದೆ, ಮಾಂಸದ ಸಾರು, ಒಡೆ, ಕಜ್ಜಾಯ, ಮಾವನವರಿಗೆ ಬೀಡಿ, ನಮ್ಮ ಮನೆಯವರಿಗೆ ಟೀ ಮತ್ತು ರಸ್ಕು. ಪಕ್ಕದಲ್ಲಿ ಪಂಚೆ, ಅಂಗಿ. ಧೂಪ ಹಾಕಿ, ಎಲ್ಲರೂ ಅಡ್ಡಬಿದ್ದು, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೊರಗೆ ಜಗಲಿಯ ಮೇಲೆ ಕೂತೆವು. ಅವರು ಬಂದು ಉಂಡು ಹೋಗುವವರೆಗೆ ಮನೆಯೊಳಗೆ ನಾವು ಇರಬಾರದು.

ಮೈದುನ ಮೆಲ್ಲಗೆ, “ಅವ್ವ, ನಿಂಗೇ ಅಂತ ಒಂದು ರೂಮ್ ಕಟ್ಸಿವ್ನಿ. ಕಕ್ಕಸ್ಸು ಅಲ್ಲೇ ಮಗ್ಗುಲಲ್ಲೇ ಅದೆ. ದೀಪಾವಳಿಗೆ ಬಂದ್ಬುಡು. ಅತ್ಗೆಗೂ ಎಸ್ಟ್ ದಿನ ಕಷ್ಟ ಕೊಡ್ತೀಯ,” ಅಂದ.

“ಸುಮ್ಕಿರ್ಲಾ, ಉಣ್ತಾವ್ರೆ,” ಅಂದರು ಅತ್ತೆ.

ಸ್ವಲ್ಪ ಹೊತ್ತಿಗೆ ಅತ್ತೆ ಎದ್ದು, ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋದರು. ನಾವೂ ಹೋದೆವು. ಅತ್ತೆ ತಡವಿಕೊಂಡು ಅಂಗಿಯನ್ನು ಎತ್ತಿ ಕಿರಿಮಗನ ಕಡೆ ಚಾಚಿದರು.

“ತೊಟ್ಕಳ್ಲಾ. ನಿಮ್ಮಣ್ಣನ ಮೊದ್ಲೆಡೆ. ಅವನ್ ಬಟ್ಟೆ ತೊಟ್ಕೊಂಡು ಎಲೆ ಮುಂದೆ ಕೂರು.”

ನನ್ನ ಲೆಕ್ಕ ತಲೆಕೆಳಗಾಯಿತು. ಪಂಚೆಯ ಕಾಲದಲ್ಲಿ ಇಂಥ ಮಾತೇ ಬಂದಿರಲಿಲ್ಲ. “ಆಮೇಲ್ ತೊಟ್ಕೊಳ್ಲಿ ಬುಡಿ ಅತ್ತೆ, ಸಾರು ಚೆಲ್ತದೆ,” ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮೈದುನ ಪಿನ್ನು ಕಿತ್ತು, ಅಂಗಿಯನ್ನು ಬಾಗಿಲ ಬೆಳಕಿಗೆ ಹಿಡಿದು ಕೊಡವಿದ. ಬೆನ್ನು ಅವನ ಕಡೆಗಿತ್ತು. ನೇಯ್ದ ಜಾಗ ಬೆಳಕಿಗೆ ದಟ್ಟವಾಗಿ ಕಂಡಿತು, ಗೇಣುದ್ದದ ಗೆರೆ.

“ಇದೇನಿದು, ಹೊಸಾ ಅಂಗಿ ಸೀಳೋಗಿ ಹೊಲ್ದಂಗದೆ? ಅತ್ಗೆ, ಎಲ್ಲಿ ತಕ್ಕೊಂಡ್ರಿ ಇದ್ನ?”

ನಾನು ಅವನ ಮುಖ ನೋಡಿದೆ, ಅವನ ಕಣ್ಣಲ್ಲಿ ಬಸ್‌ಸ್ಟ್ಯಾಂಡಿನ ಆ ದಿನ ಇತ್ತು.

“ಅವ್ಳನ್ನೇನ್ ಕೇಳ್ತೀಯ?” ಅಂದರು ಅತ್ತೆ. “ನಾನ್ ಕತ್ರಿಸ್ಬುಟ್ಟೆ ಕಣ್ಲಾ.”

“ನೀನಾ?”

“ದಾರ ನ್ಯಾತಾಡ್ತಿತ್ತು. ಕತ್ರಿ ತಕ್ಕೊಂಡು ದಾರ ಅನ್ಕೊಂಡು ಬೆನ್ನನ್ನೇ ಕತ್ರಿಸ್ಬುಟ್ಟೆ. ಕಣ್ ಕಾಣ್ದೋಳು ಸುಮ್ನಿರ್ಬೇಕಿತ್ತು. ತಪ್ಪು ನಂದೇ. ಅವ್ಳು ಬಾಯ್ಗ್ ಬಂದಂಗೆ ಬೈದು, ಆಮೇಲ್ ಕೂತ್ಕೊಂಡು ಹೊಲ್ದವ್ಳೆ.”

“ಕತ್ರಿ ತಾಗಿದ್ದು ಎಡೆಗ್ ಇಡ್ಬಾರ್ದು ಅಂತ ನೀನೇ ಅಂತಿದ್ದಲ್ಲವ್ವ?”

“ನಿಮ್ಮಣ್ಣ ತೇಪೆ ಇಲ್ದಿರೋ ಅಂಗಿ ಯಾವತ್ ತೊಟ್ಟಿದ್ನ್ಲಾ? ಇವ್ಳ ಹೊಲ್ಗೆ ಕಂಡ್ರೆ ತಾನೆ ಇದು ನಮ್ಮನೆ ಅಂತ ಅವ್ನಿಗೆ ಗುರ್ತು ಸಿಕ್ಕೋದು? ತೊಟ್ಕೊಂಡ್ ಕೂರು, ಮುದ್ದೆ ಆರೋಯ್ತದೆ.”

ಅವನು ತೊಟ್ಟುಕೊಂಡು ಕೂತ. ನಾನು ಬಡಿಸುವ ನೆಪದಲ್ಲಿ ಒಲೆಯ ಕಡೆ ತಿರುಗಿ ಅತ್ತುಬಿಟ್ಟೆ. ದೀಪ ಉರಿಯುತ್ತಿತ್ತು, ಮಗನ ಫೋಟೋ ಎದುರಿಗಿತ್ತು, ಎಡೆಯ ಮುಂದೆ ಸುಳ್ಳಾಡಬಾರದು ಅಂತ ನನಗೆ ಕಲಿಸಿದವರೇ ಅವರು. ಚೊಂಬು ಉರುಳಿಸಿದ ತಪ್ಪನ್ನೂ ಒಪ್ಪಿಕೊಳ್ಳದ ಆ ಬಾಯಿಂದ, ಮಾಡದ ತಪ್ಪಿಗೆ ಆ ಮಾತು ಬಂದಿತ್ತು.

ಊಟವಾಗಿ ಹೊರಡುವಾಗ ಮೈದುನ ಮತ್ತೆ ದೀಪಾವಳಿಯ ಮಾತೆತ್ತಿದ. ಅತ್ತೆ, “ಮಳವಳ್ಳಿ ನೀರು ನಂಗ್ ಒಗ್ಗಾಕಿಲ್ಲ. ಆ ರೂಮ್ನಲ್ಲಿ ಗೊಬ್ರದ ಮೂಟೆ ಆಕ್ಕೊ,” ಅಂದರು. ಅವನು ನಕ್ಕು, ಅಣ್ಣನ ಅಂಗಿಯಲ್ಲೇ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಹೊಲಿಗೆ ಬಿಗಿಯಾಗಿ ಕೂತಿತ್ತು.

ಪಾತ್ರೆ ತೊಳೆಯುತ್ತಾ ಕೇಳಿದೆ. “ಯಾವಾಗ್ ಗೊತ್ತಾಯ್ತು ಅತ್ತೆ?”

“ಅಂಗೀದಾ?”

“ಎಲ್ಲಾದೂ.”

“ಅಂಗಡೀಲಿ ಸಾಮಾನ್ ತಕ್ಕೊಳೋರ ಸೀರೆ ಯಾಕೆ ಪಿನಾಯಿಲ್ ನಾತ ಒಡೀತದೆ? ಕಣ್ ಓಗವೆ ಕಣಮ್ಮಿ, ಮೂಗ್ ಓಗಿಲ್ಲ.” ಆಮೇಲೆ ತಡೆದು, “ಇವತ್ತು ಸಾರ್ಗೆ ಉಪ್ಪು ಕಮ್ಮಿಯಾಗಿತ್ತು,” ಅಂದರು.

ಮಾರನೆಯ ಬೆಳಿಗ್ಗೆ ಸೊಂಟ ಎಂದಿನ ಹಾಗೇ ಹಿಡಿದುಕೊಂಡಿತ್ತು. ಮುಖ ತೊಳೆದು ರವಿಕೆ ಕಣಗಳನ್ನು ಹುಡುಕುತ್ತಿದ್ದೆ. ಅತ್ತೆ ಆಗಲೇ ಎದ್ದು ಹೊಸಿಲ ಹತ್ತಿರ ಕೂತಿದ್ದರು. ಮಡಿಲಲ್ಲಿ ನನ್ನ ಖಾಲಿ ಚೀಲ, ಅಂದವಾಗಿ ಮಡಿಸಿ ಇಟ್ಟುಕೊಂಡಿದ್ದರು. ನನ್ನ ಹೆಜ್ಜೆಯ ಸದ್ದಿಗೆ ಅದನ್ನು ಮುಂದಕ್ಕೆ ಚಾಚಿದರು.

“ಬಸ್ಸಿಗೆ ಒತ್ತಾಯ್ತು. ಆ ರಸ್ಕು ಇದ್ರೆ ತತ್ತಾ. ಮೆತ್ತಗಾಗಿರೋದೇ ಆಗ್ಲಿ, ಹಲ್ಲಿಲ್ದೋಳ್ಗೆ ಗಟ್ಟೀದ್ಯಾಕೆ.”